ಹಂಸಿನಿ ಮೀನು ಕದ್ದು ತಿನ್ನುವುದಿಲ್ಲ

“ಮ್ಯಾಮ್, ಸ್ಟೆಪ್ ಬ್ಯಾಕ್... ಪ್ಲೀಸ್!”

ಹಿಂದಿನಿಂದ ಗಂಡಸಿನ ಧ್ವನಿ ಕೇಳಿ ಹಂಸಿನಿ ತಿರುಗುವಷ್ಟರಲ್ಲಿ, ಬುಸ್ಸೆಂದು ಬಂದ ಬಿಳಿ ಪುಡಿಯ ಮೋಡ ಅವಳ ಗ್ರಿಲ್ಲನ್ನು ಪೂರ್ತಿ ನುಂಗಿಬಿಟ್ಟಿತು.

ಉರಿ ಆರಿತು. ಹೊಗೆ ಚದುರಿತು. ಕೆಂಪಗೆ ಮಸಾಲೆ ಹಚ್ಚಿದ ಮೀನಿನ ತುಂಡುಗಳ ಮೇಲೆ ಸುಣ್ಣ ಚೆಲ್ಲಿದಂತೆ ಪುಡಿ ಕೂತಿತ್ತು.

ಎದುರಿಗೆ ಒಬ್ಬ ನಿಂತಿದ್ದ. ಕೈಯಲ್ಲಿ ಫೈರ್ ಎಕ್ಸ್‌ಟಿಂಗ್ವಿಷರ್. ಬೇಲಿ ಹಾರಿ ಬಂದ ಏದುಸಿರು. ಕಾಲಲ್ಲಿ ಚಪ್ಪಲಿಯೂ ಇಲ್ಲ.

“ಆರ್ ಯು ಓಕೆ?” ಎಂದ.

ಹಂಸಿನಿಗೆ ಆ ಗಳಿಗೆಯಲ್ಲಿ ಇಂಗ್ಲಿಷ್ ಮರೆತೇ ಹೋಯಿತು.

“ಎಂತ ಮಾಡಿದ್ರಿ ನೀವು? ತಲೆ ಸಮ ಉಂಟಾ ನಿಮಗೆ?”

ಅವನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. “ನೀವು... ಕನ್ನಡದವರಾ?”

“ಕನ್ನಡದವಳಾದ್ರೆ ಮೀನು ಸರಿಯಾಗ್ತದಾ?”

“ಬೆಂಕಿ ಬೇಲಿಗಿಂತ ಮೇಲೆ ಬಂದಿತ್ತು ರೀ. ಮನೆಗೇ ಹತ್ಕೊಂಡ್ಬಿಡ್ತೇನೋ ಅಂದ್ಕೊಂಡೆ.”

“ಮೀನಿನ ಎಣ್ಣೆ ಇಳಿದ್ರೆ ಒಂದು ಗಳಿಗೆ ಉರಿ ಏಳ್ತದೆ. ಮುಚ್ಚಳ ಹಾಕಿದ್ರೆ ಆರ್ತದೆ. ನಾನು ಹಾಕ್ಲಿಕ್ಕೇ ಹೊರಟಿದ್ದೆ.”

“ಸಾರಿ. ನಿಜವಾಗ್ಲೂ ಸಾರಿ. ಅಮ್ಮ ಕಿಟಕಿ ಎಲ್ಲ ತೆಗೆದಿದ್ರು, ಹೊಗೆ ಒಳಗೆ ಬಂತು... ಜೊತೆಗೆ ಆ ಸ್ಮೆಲ್ಲೂ...”

ಆ ಒಂದು ಮಾತು ಸಾಕಾಯಿತು. ‘ಓಹೋ... ವಿಷಯ ಹೀಗೆ.’ ಹಂಸಿನಿ ಕೈಯಲ್ಲಿದ್ದ ಇಕ್ಕಳವನ್ನು ಮೇಜಿನ ಮೇಲಿಟ್ಟಳು.

“ಸತ್ಯ ಹೇಳಿ. ನೀವು ಆರಿಸ್ಲಿಕ್ಕೆ ಬಂದದ್ದು ಬೆಂಕಿಯನ್ನಾ, ವಾಸನೆಯನ್ನಾ?”

ಅವಳು ಗೇಟಿನ ಕಡೆ ಕೈ ತೋರಿಸಿದಳು. ಬೇಲಿ ಹಾರಿ ಬಂದವನು ಗೇಟಿನಿಂದ ತಲೆ ತಗ್ಗಿಸಿಕೊಂಡು ಹೋದ.

ಪಕ್ಕದ ಮನೆಯವನು, ಹೆಸರು ಕಶ್ಯಪ್ ಎಂದು ಆಮೇಲೆ ತಿಳಿಯಿತು.

ಆ ದಿನದ ಕೋಪ ಅವನೊಬ್ಬನ ಮೇಲಿನದಾಗಿರಲಿಲ್ಲ.

ನ್ಯೂಜೆರ್ಸಿಯ ಹಿಲ್ಸ್‌ಬರೋದ ಈ ಪುಟ್ಟ ಮನೆಗೆ ಬರುವ ಮುಂಚೆ ಹಂಸಿನಿ ಎಡಿಸನ್ನಿನಲ್ಲಿ ಅಲಮೇಲು ಆಂಟಿ ಎಂಬುವರ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದಳು. ಒಳ್ಳೆಯ ಹೆಂಗಸು. ಜ್ವರ ಬಂದರೆ ರಸಂ ಮಾಡಿ ತಂದುಕೊಡುತ್ತಿದ್ದರು. ಆದರೆ ಮೊದಲ ದಿನವೇ ಹೇಳಿದ್ದರು: “ಮನೆಯೊಳಗೆ ಮೀನು ಮಾತ್ರ ಬೇಡಮ್ಮ.”

ಮಲ್ಪೆಯ ಹುಡುಗಿ ಮೀನಿಲ್ಲದೆ ಎಷ್ಟು ದಿನ ಇದ್ದಾಳು? ಕೆಲಸ ಮುಗಿಸಿ ಬರುವಾಗ ಹೋಟೆಲಿನಿಂದ ಹುರಿದ ಮೀನು ಕಟ್ಟಿಸಿಕೊಂಡು, ಯಾವುದೋ ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ಕಾರು ನಿಲ್ಲಿಸಿ ತಿನ್ನುತ್ತಿದ್ದಳು. ಹೊರಗೆ ಹಿಮ. ವಾಸನೆ ಬಟ್ಟೆಗೆ ಅಂಟಬಾರದೆಂದು ಕೋಟು ಬಿಚ್ಚಿ ಡಿಕ್ಕಿಯಲ್ಲಿಟ್ಟು, ಕಿಟಕಿ ಇಳಿಸಿ, ನಡುಗುತ್ತಾ ತಿನ್ನುವುದು. ಒಮ್ಮೆ ಗಂಟಲಲ್ಲಿ ತುತ್ತು ಇಳಿಯಲೇ ಇಲ್ಲ. ಮುಳ್ಳು ಸಿಕ್ಕಿಕೊಂಡದ್ದಲ್ಲ... ಅಳು.

ಮಲ್ಪೆ ಬಂದರಿನಲ್ಲಿ ಜೀವನವಿಡೀ ಬೋಟು ನಡೆಸಿದ ಅಪ್ಪ. ಆ ಬೋಟಿನ ದುಡಿಮೆಯಲ್ಲಿ ಫಿಸಿಯೋಥೆರಪಿ ಓದಿ ಇಲ್ಲಿಗೆ ಬಂದ ಮಗಳು ಕಾರಿನಲ್ಲಿ ಅಡಗಿ ಮೀನು ತಿನ್ನುತ್ತಾಳೆ ಎಂದು ಅವರಿಗೆ ಹೇಗೆ ಹೇಳುವುದು? ಹೇಳಲಿಲ್ಲ. ಮನೆ ಬದಲಾಯಿಸಿದಳು.

ಹೊಸ ಮನೆಯ ಒಡತಿ ಮಾರ್ಗರೆಟ್, ಎಪ್ಪತ್ತು ದಾಟಿದ ಮುದುಕಿ. ಹಂಸಿನಿ ಅವರಿಗೆ ಕೇಳಿದ ಮೊದಲ ಪ್ರಶ್ನೆ, “ಇಲ್ಲಿ ಮೀನು ಮಾಡಬಹುದಾ?” ಮಾರ್ಗರೆಟ್ ನಕ್ಕು, ಹಿತ್ತಲಿನಲ್ಲಿ ತಾವೇ ಬಿಟ್ಟುಹೋಗುತ್ತಿದ್ದ ಗ್ಯಾಸ್ ಗ್ರಿಲ್ಲಿನ ಮೇಲಿನ ಹೊದಿಕೆ ತೆಗೆದು ತೋರಿಸಿದ್ದರು.

ಆ ದಿನ ಹಂಸಿನಿ ತನಗೆ ತಾನೇ ಆಣೆ ಇಟ್ಟುಕೊಂಡಳು. ಇನ್ನು ಮುಂದೆ ಈ ಜನ್ಮದಲ್ಲಿ ಮೀನು ಕದ್ದು ತಿನ್ನುವುದಿಲ್ಲ. ಯಾರಿಗೋಸ್ಕರವೂ.

ಗ್ರಿಲ್ಲಿನ ಉರಿ ಆರಿಸಿ ಹೋದ ಮಾರನೆಯ ದಿನ ಬೆಳಿಗ್ಗೆ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಕಶ್ಯಪ್. ಇವತ್ತು ಚಪ್ಪಲಿ ಇತ್ತು. ಕೈಯಲ್ಲೊಂದು ಪೊಟ್ಟಣ.

“ನಿನ್ನೆ ಹಾಳು ಮಾಡಿದ್ದಕ್ಕೆ... ಫಿಶ್ ತಂದಿದೀನಿ.”

ಹಂಸಿನಿ ಬಿಚ್ಚಿ ನೋಡಿದಳು. ಪ್ಲಾಸ್ಟಿಕ್ಕಿನಲ್ಲಿ ಕಲ್ಲಿನಂತೆ ಹೆಪ್ಪುಗಟ್ಟಿದ ತಿಲಾಪಿಯಾ. ಮೇಲೆ ಯಾರೋ ಆಗಲೇ ನಿಂಬೆ-ಮೆಣಸಿನ ಪುಡಿ ಉದುರಿಸಿದ್ದರು.

ನಗಬಾರದೆಂದುಕೊಂಡರೂ ತುಟಿ ಮಾತು ಕೇಳಲಿಲ್ಲ.

“ಇದು ಎಂತ?”

“ಮೀನಲ್ವಾ?”

“ಮೀನೇ. ಸತ್ತು ವರ್ಷ ಆಗಿರ್ಬೇಕು, ಪಾಪ.”

ಅವನೂ ನಕ್ಕ. ಸಂಕೋಚದಿಂದ ಕತ್ತು ತುರಿಸಿಕೊಳ್ಳುತ್ತಾ ಹೇಳಿದ: “ನಾವು ಮೈಸೂರಿನವರು. ಮನೇಲಿ ಯಾವತ್ತೂ ತಂದಿಲ್ಲ. ಅಂಗಡೀಲಿ ಯಾವುದನ್ನ ನೋಡಿ ತಗೋಬೇಕು ಅಂತಾನೇ ಗೊತ್ತಾಗ್ಲಿಲ್ಲ. ನೀವು ಹೇಳ್ಕೊಟ್ರೆ ಸರಿಯಾದ್ದನ್ನ ತಂದ್ಕೊಡ್ತೀನಿ.”

‘ಬೇಡ’ ಎನ್ನಬೇಕಿತ್ತು. ಆದರೆ ಅವನ ಕಣ್ಣಿನಲ್ಲಿ ಮೂಗು ಮುರಿಯುವ ಭಾವ ಇರಲಿಲ್ಲ. ತಿಳಿಯದ್ದನ್ನು ತಿಳಿಯದು ಎಂದು ಹೇಳುವ ನೇರತನವಿತ್ತು. ಅದು ಹಂಸಿನಿಗೆ ಇಷ್ಟವಾಯಿತು.

“ಶನಿವಾರ ಬೆಳಿಗ್ಗೆ ಪಾಯಿಂಟ್ ಪ್ಲೆಸೆಂಟಿಗೆ ಹೋಗ್ತೇನೆ. ಬೋಟು ಬರುವ ಜಾಗ. ಬರುದಾದ್ರೆ ಬನ್ನಿ. ಡ್ರೈವ್ ನೀವೇ ಮಾಡ್ಬೇಕು. ದಂಡ ಅಂತ ತಿಳ್ಕೊಳ್ಳಿ.”

ಶನಿವಾರ ಬಂದರಿನ ಅಂಗಡಿಯಲ್ಲಿ, ಐಸಿನ ಮೇಲೆ ಮಲಗಿಸಿದ್ದ ಮೀನುಗಳ ಮುಂದೆ ಹಂಸಿನಿ ಬೇರೆಯೇ ಹೆಣ್ಣಾಗಿಬಿಟ್ಟಳು. ಕಿವಿರು ಎತ್ತಿ ನೋಡಿದಳು. ಬೆರಳಿನಿಂದ ಒತ್ತಿದಳು.

“ನೋಡಿ, ಒತ್ತಿದ ಗುಳಿ ಕೂಡ್ಲೆ ಮೇಲೆ ಬರ್ಬೇಕು. ಕಣ್ಣು ಉಬ್ಬಿರ್ಬೇಕು. ಮೂಗಿಗೆ ಸಮುದ್ರ ಬರ್ಬೇಕು, ಮೀನು ಬರ್ಬಾರ್ದು.”

“ಇದು ಯಾವುದು?”

“ಸ್ಪ್ಯಾನಿಷ್ ಮ್ಯಾಕೆರೆಲ್. ನಮ್ಮ ಊರಿನ ಅಂಜಲ್ ಮೀನಿಗೆ ಅಕ್ಕನ ಮಗಳ ಹಾಗೆ.”

ಅಂಗಡಿಯವನು ಚರ್ಮ ಉಳಿಸಿ, ನಡುಮುಳ್ಳು ತೆಗೆದು ಉದ್ದುದ್ದ ತುಂಡು ಮಾಡಿಕೊಟ್ಟ. ಐಸ್ ಪೆಟ್ಟಿಗೆಯನ್ನು ಕಶ್ಯಪ್ ಮಗುವನ್ನೆತ್ತಿಕೊಂಡಂತೆ ಎದೆಗವಚಿಕೊಂಡು ಕಾರಿಗೆ ಒಯ್ದ.

ದಾರಿಯಲ್ಲಿ ಮಾತಾಡಿದರು. ಅವನು ಎಂಟನೇ ಕ್ಲಾಸಿನಲ್ಲಿ ಅಪ್ಪ-ಅಮ್ಮನ ಜೊತೆ ನ್ಯೂಜೆರ್ಸಿಗೆ ಬಂದವನು. ಈಗ ಸೇತುವೆಗಳನ್ನು ಪರೀಕ್ಷಿಸುವ ಎಂಜಿನಿಯರ್. ಹಡ್ಸನ್ ನದಿಯ ಮೇಲೆ ಹಗ್ಗ ಕಟ್ಟಿಕೊಂಡು ನೇತಾಡುವುದೇ ಅವನ ಕೆಲಸ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಪದ್ಮಜಾ ಮತ್ತು ಅವನು ಇಬ್ಬರೇ. ಅಮ್ಮ ಔಷಧದ ಕಂಪನಿಯಲ್ಲಿ ಕೆಮಿಸ್ಟ್ ಆಗಿದ್ದು ನಿವೃತ್ತರಾದವರು.

“ಅಷ್ಟು ಎತ್ತರದಲ್ಲಿ ಹೆದರಿಕೆ ಆಗುದಿಲ್ವಾ?” ಎಂದು ಹಂಸಿನಿ ಕೇಳಿದಳು.

“ಎತ್ತರಕ್ಕಾ? ಇಲ್ಲ.” ರಸ್ತೆಯಿಂದ ಕಣ್ಣು ತೆಗೆಯದೆ ಹೇಳಿದ, “ಮನುಷ್ಯರಿಗೆ ಬೇಜಾರಾಗತ್ತೆ ಅಂದ್ರೆ ಹೆದರಿಕೆ.”

ಆ ಮಾತನ್ನು ಅವಳು ತಮಾಷೆ ಎಂದುಕೊಂಡಳು.

ಮಸಾಲೆ ಅರೆಯುವುದನ್ನೂ ಅವನು ಕಲಿತ. ಬಿಸಿನೀರಿನಲ್ಲಿ ನೆನೆಸಿದ ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಕಾಳುಮೆಣಸು, ಒಂದಿಷ್ಟು ಅರಿಶಿನ, ಗಟ್ಟಿ ಹುಣಸೆರಸ. ಮೊದಲು ಉಪ್ಪು-ಹುಳಿ ಸವರಿ ಮೀನಿನ ನೀರು ಬಿಡಿಸಬೇಕು. ಒರೆಸಬೇಕು. ಆಮೇಲೆ ಮಸಾಲೆ.

“ಚರ್ಮದ ಬದಿಗೆ ತೆಳು, ಮಾಂಸದ ಬದಿಗೆ ದಪ್ಪ,” ಎಂದು ಅವಳು ತೋರಿಸಿದಳು. “ಈಗ ಫ್ರಿಜ್ಜಿನಲ್ಲಿಡುವ. ತುಂಬ ಹೊತ್ತು ಬೇಡ, ಹುಳಿಗೆ ಮೀನು ಪುಡಿಪುಡಿ ಆಗ್ತದೆ.”

ಗ್ರಿಲ್ಲಿನ ಕಂಬಿಗೆ ತೆಂಗಿನೆಣ್ಣೆ ಸವರಿ, ಚರ್ಮ ಕೆಳಗೆ ಬರುವಂತೆ ತುಂಡುಗಳನ್ನಿಟ್ಟಾಗ ಚುಂಯ್ ಎಂದಿತು. ಅವನು ಎರಡು ಸಲ ಮಗುಚಲು ಹೋದ. ಎರಡು ಸಲವೂ ಅವಳು ಅವನ ಮಣಿಕಟ್ಟು ಹಿಡಿದು ತಡೆದಳು. ಎರಡನೆಯ ಸಲ ಕೈ ಬಿಡಲು ಮರೆತಳು.

ಅವನೂ ನೆನಪಿಸಲಿಲ್ಲ.

ಮೊದಲ ತುತ್ತು ಬಾಯಿಗಿಟ್ಟು ಅವನು ಕಣ್ಣು ಮುಚ್ಚಿದ. ಖಾರಕ್ಕೆ ಮೂಗಿನಲ್ಲಿ ನೀರು. “ಇಷ್ಟು ವರ್ಷ ಯಾರೂ ನನಗೆ ಹೇಳೇ ಇಲ್ವಲ್ಲ...” ಎಂದ.

ಬೇಸಿಗೆಯ ಶನಿವಾರಗಳು ಹಾಗೆಯೇ ಸರಿದವು. ‘ನೀವು’ ಹೋಗಿ ‘ನೀನು’ ಆಯಿತು. ಕಾರಿನಲ್ಲಿ ಕೂತು ತಿನ್ನುತ್ತಿದ್ದ ಕಥೆಯನ್ನು ಯಾರಿಗೂ ಹೇಳದವಳು ಅವನಿಗೆ ಹೇಳಿದಳು. ಕೇಳಿ ಅವನು ಅವಳ ಅಂಗೈಯನ್ನು ತನ್ನ ಎರಡೂ ಕೈಯಲ್ಲಿ ಮುಚ್ಚಿ ಹಿಡಿದುಕೊಂಡ.

‘ಇವನೇ’ ಎಂದಿತು ಮನಸ್ಸು. ‘ಇವನೇ...’

ಗಣೇಶನ ಹಬ್ಬ ವಾರದ ನಡುವೆ ಬಂದಿತ್ತು. ಊಟ ಇಟ್ಟುಕೊಂಡದ್ದು ಭಾನುವಾರಕ್ಕೆ. ಪದ್ಮಜಾ ಖುದ್ದಾಗಿ ಬೇಲಿಯ ಬಳಿ ಬಂದು, “ಹಬ್ಬದೂಟಕ್ಕೆ ಬಾಮ್ಮ. ನೀನೂ ಒಬ್ಬಳೇ ಇರ್ತೀಯ,” ಎಂದಿದ್ದರು.

ಹಂಸಿನಿ ಅಮ್ಮನ ಕೈಮಗ್ಗದ ಉಡುಪಿ ಸೀರೆ ಉಟ್ಟು ಹೋದಳು. ಗಣಪತಿಗೆ ಕೈ ಮುಗಿದಳು. ಬಂದವರ ಪೈಕಿ ಮನ್ರೋ ಊರಿನಿಂದ ಬಂದ ಅನಸೂಯ ಆಂಟಿಯದೇ ದೊಡ್ಡ ಗಂಟಲು. ಪದ್ಮಜಾರ ಹಳೆಯ ಗೆಳತಿ. ಕೋಸಂಬರಿ, ಪಲ್ಯ ಆಗಿ, ಪದ್ಮಜಾ ಕಡುಬು ತರಲು ಅಡುಗೆಮನೆಗೆ ಹೋದಾಗ ಅನಸೂಯ ಆಂಟಿ ಮಾತು ತೆಗೆದರು.

“ಏನೋ ಕಶ್ಯಪ್, ನಿಮ್ಮ ಹಿತ್ತಲ ಕಡೆಯಿಂದ ಶನಿವಾರ ಶನಿವಾರ ಮೀನಿನ ವಾಸನೆ ಬರತ್ತಲ್ಲ? ಹೋದ ಸಲ ಬಂದಾಗ ನನಗೆ ತಲೆನೋವೇ ಬಂದ್ಬಿಡ್ತು. ಯಾರಪ್ಪ ಅದು?”

ಹಂಸಿನಿ ತಲೆ ಎತ್ತಿದಳು. ಹೇಳಲು ಅವಳಿಗೇನೂ ಅಳುಕಿರಲಿಲ್ಲ. ಆದರೆ ಅವಳಿಗಿಂತ ಮೊದಲು ಕಶ್ಯಪ್ ಬಾಯಿ ಬಿಟ್ಟ.

“ಅದು ಪಕ್ಕದ್ಮನೆ ಓನರ್ ಆಂಟಿ, ಮಾರ್ಗರೆಟ್ ಅಂತ. ಅವರು ಬಂದಾಗ ಗ್ರಿಲ್ ಮಾಡ್ತಾರೆ.” ಒಂದು ಕ್ಷಣ ತಡೆದು ಸೇರಿಸಿದ, “ಹಂಸಿನಿ ಪ್ಯೂರ್ ವೆಜ್.”

ಅವಳ ಕೈಯಲ್ಲಿದ್ದ ತುತ್ತು ಎಲೆಗೆ ಮರಳಿತು.

ಕಶ್ಯಪ್ ಅವಳ ಕಡೆ ನೋಡಲಿಲ್ಲ. ‘ಪ್ಲೀಸ್’ ಎನ್ನುವಂತೆ ಅವನ ಕಿವಿ ಕೆಂಪಾಗಿತ್ತು, ಅಷ್ಟೆ. ಆ ಹಿಮದ ಪಾರ್ಕಿಂಗ್ ಲಾಟು, ಇಳಿಸಿದ ಕಿಟಕಿ, ಗಂಟಲಲ್ಲಿ ನಿಂತ ತುತ್ತು... ಎಲ್ಲವೂ ಒಮ್ಮೆಗೇ ಅವಳ ಎದೆಗೆ ಬಂದು ಬಡಿದವು.

ಹಂಸಿನಿ ಎದ್ದು ನಿಂತಳು.

“ಆಂಟಿ, ಆ ಮೀನು ಮಾಡುದು ನಾನು. ಮಾರ್ಗರೆಟ್ ಅಲ್ಲ. ನಾನು ಮಲ್ಪೆಯವಳು, ನಮ್ಮದು ಮೀನು ಹಿಡಿಯುವ ಮನೆ. ಚೌತಿ ಅಂತ ನಮ್ಮಲ್ಲಿಯೂ ಮೀನು ಮುಟ್ಟುದಿಲ್ಲ, ಹಾಗೆ ಈ ವಾರ ಇಡೀ ನಾನು ಮುಟ್ಲಿಲ್ಲ. ಬರುವ ಶನಿವಾರ ಪುನಃ ಮಾಡ್ತೇನೆ.”

“ಅಯ್ಯೋ, ನಾನು ಸುಮ್ನೆ ಕೇಳಿದ್ದಮ್ಮ...”

“ಎದುರು ಮನೆಯವರು ಮಾಂಸ ಸುಟ್ರೆ ಬಾರ್ಬೆಕ್ಯೂ ಅಂತ ಹೇಳ್ತೀರಿ. ನಾನು ಸುಟ್ರೆ ಮಾತ್ರ ಅದು ವಾಸನೆ ಆಗುದು ಹೇಗೆ?”

ಅಡುಗೆಮನೆಯ ಬಾಗಿಲಲ್ಲಿ ಕಡುಬಿನ ತಟ್ಟೆ ಹಿಡಿದು ಪದ್ಮಜಾ ನಿಂತಿದ್ದರು. ಹಂಸಿನಿ ಅವರ ಬಳಿಗೆ ಹೋಗಿ, “ಊಟ ಬಹಳ ಒಳ್ಳೆಯದಿತ್ತು ಆಂಟಿ. ಕ್ಷಮಿಸಿ, ಅರ್ಧಕ್ಕೆ ಏಳ್ತಿದ್ದೇನೆ,” ಎಂದು ಹೊರನಡೆದಳು.

ಕಶ್ಯಪ್ ಓಡಿ ಬಂದು ಡ್ರೈವ್‌ವೇನಲ್ಲಿ ಅಡ್ಡ ನಿಂತ.

“ಹಂಸಿನಿ, ಕೇಳು. ಅವರೆಲ್ಲರ ಮುಂದೆ ಅಮ್ಮನಿಗೆ ಮುಜುಗರ ಆಗಬಾರದು ಅಂತ... ನಿನಗೆ ಗೊತ್ತಿಲ್ಲ. ಮೀನು ತಿನ್ನೋ ಹುಡುಗಿ ನಮ್ಮನೆಗೆ ಬರಬಾರದು ಅಂತ ಅಮ್ಮ ಮೊದಲೇ ಹೇಳಿದಾರೆ. ಸ್ವಲ್ಪ ಟೈಮ್ ಕೊಡು, ನಾನು ನಿಧಾನಕ್ಕೆ ಹೇಳ್ತೀನಿ.”

“ನಿಧಾನಕ್ಕೆ ಅಂದ್ರೆ? ಮದುವೆ ಆದ ಮೇಲಾ, ಮಕ್ಕಳಾದ ಮೇಲಾ?”

“ಹಾಗಲ್ಲ...”

“ನಾನು ಕಾರಿನಲ್ಲಿ ಕೂತು ತಿಂದದ್ದನ್ನು ನಿಮಗೊಬ್ಬರಿಗೇ ಹೇಳಿದ್ದು. ನೀವು ಇವತ್ತು ಎಲ್ಲರ ಎದುರು ನನ್ನನ್ನು ಪುನಃ ಅದೇ ಕಾರಿಗೆ ಹತ್ತಿಸಿದ್ರಿ, ಕಶ್ಯಪ್.”

‘ನೀನು’ ಮತ್ತೆ ‘ನೀವು’ ಆದದ್ದು ಇಬ್ಬರಿಗೂ ಕೇಳಿಸಿತು. ಅವನು ದಾರಿ ಬಿಟ್ಟ.

ಅಳಬೇಕೆನ್ನಿಸಿದಷ್ಟು ಅತ್ತಳು. ಆದರೆ ಶನಿವಾರ ಬಂದಾಗ ಹಂಸಿನಿ ಒಬ್ಬಳೇ ಬಂದರಿಗೆ ಹೋದಳು, ಒಬ್ಬಳೇ ಮಸಾಲೆ ಅರೆದಳು, ಗ್ರಿಲ್ ಹಚ್ಚಿದಳು. ‘ಅವನು ಹೋದರೆ ಅವನು ಹೋದ. ಮೀನು ಎಂತ ಮಾಡಿದೆ ನನಗೆ?’

ಗಾಳಿ ಪಕ್ಕದ ಮನೆಯ ಕಡೆಗೇ ಬೀಸುತ್ತಿತ್ತು. ಬೇಲಿಯ ಗೇಟು ತೆರೆದ ಸದ್ದು. ಪದ್ಮಜಾ ಸೆರಗನ್ನು ಮೂಗಿಗೆ ಹಿಡಿದುಕೊಂಡು ಬರುತ್ತಿದ್ದರು.

ಹಂಸಿನಿ ಸೊಂಟದ ಮೇಲೆ ಕೈಯಿಟ್ಟಳು. “ಆಂಟಿ, ನಾನು ಇದನ್ನು ಆರಿಸುದಿಲ್ಲ.”

“ಆರಿಸು ಅಂತ ಯಾರು ಹೇಳಿದ್ರು?” ಪದ್ಮಜಾ ಹೊಗೆ ಬಾರದ ಬದಿಗೆ ಕುರ್ಚಿ ಎಳೆದುಕೊಂಡು ಕೂತರು. “ನನಗೆ ಈ ವಾಸನೆ ಆಗಲ್ಲ. ಸುಳ್ಳು ಯಾಕೆ ಹೇಳ್ಲಿ? ಹೊಟ್ಟೆ ತೊಳಸತ್ತೆ. ಆದ್ರೆ ಅದು ನನ್ನ ಹೊಟ್ಟೆ ಸಮಸ್ಯೆ, ನಿನ್ನ ಗ್ರಿಲ್ ಸಮಸ್ಯೆ ಅಲ್ಲ. ಎದುರು ಮನೆಯವರ ಹೊಗೆಗೆ ಕಿಟಕಿ ಮುಚ್ಕೊಂಡು ಕೂರ್ತೀನಿ, ಆಮೇಲೆ ಕ್ರಿಸ್‌ಮಸ್‌ಗೆ ಅವರಿಗೆ ಚಕ್ಕುಲಿ ಕೊಟ್ಟು ಬರ್ತೀನಿ. ಅವತ್ತು ನೀನು ಕೇಳಿದ ಮೇಲೆ ಯೋಚನೆ ಮಾಡ್ದೆ. ನಿನಗೆ ಯಾಕೆ ಬೇರೆ ಕಾನೂನು?”

ಹಂಸಿನಿಯ ಕೈ ಸೊಂಟದಿಂದ ಕೆಳಗಿಳಿಯಿತು.

“ಡ್ರೈವ್‌ವೇನಲ್ಲಿ ಅವನು ಹೇಳಿದ್ದು ನನ್ನ ಕಿವಿಗೆ ಬಿತ್ತು,” ಎಂದರು ಪದ್ಮಜಾ. “ಮೀನು ತಿನ್ನೋ ಹುಡುಗಿ ಬರಬಾರದು ಅಂತ ನಾನು ಯಾವತ್ತೂ ಹೇಳಿಲ್ಲ ಕಣಮ್ಮ. ಅವನು ಕೇಳೇ ಇಲ್ಲ. ಕೇಳಿದ್ರೆ ನಾನು ಏನು ಹೇಳ್ತಿದ್ದೆನೋ... ನನಗೂ ಗೊತ್ತಿಲ್ಲ. ಎರಡು ದಿನ ಮಾತು ಬಿಡ್ತಿದ್ದೆನೇನೋ. ಆದ್ರೆ ನನ್ನ ಬಾಯಲ್ಲಿ ಇಲ್ಲದ ಮಾತನ್ನ ಅವನೇ ಸೃಷ್ಟಿ ಮಾಡಿ, ನನ್ನನ್ನ ರಾಕ್ಷಸಿ ಮಾಡಿಟ್ಟ.”

“ಅವರು ಇಲ್ಲಿ ಮೀನು ತಿಂತಿದ್ದದ್ದು...”

“ಅವನ ಶರ್ಟು ಒಗೆಯೋಕೆ ಹಾಕೋದು ನಾನು. ನನಗೆ ಗೊತ್ತಾಗಲ್ವಾ?” ಪದ್ಮಜಾರ ತುಟಿಯಂಚಿನಲ್ಲಿ ನಗು ಬಂದು ಹೋಯಿತು. ಎದ್ದು ನಿಂತರು. “ಅವನನ್ನ ಕ್ಷಮಿಸು ಅಂತ ನಾನು ಹೇಳಲ್ಲ. ಅದು ನಿಮ್ಮಿಬ್ಬರದು. ನನ್ನ ಹೆಸರಲ್ಲಿ ಹೇಳಿದ ಸುಳ್ಳು ಸುಳ್ಳು ಅಂತ ಹೇಳೋಕೆ ಬಂದೆ, ಅಷ್ಟೆ.”

ಅವರು ಹೋದ ಮೇಲೆ ಹಂಸಿನಿ ಗ್ರಿಲ್ಲಿನ ಮುಚ್ಚಳ ಹಾಕಿದಳು. ತಾಯಿಯ ಮೇಲಿನ ಸಿಟ್ಟು ಹೋಯಿತು. ಆದರೆ ನೋವು ಇನ್ನೂ ಹೆಚ್ಚಾಯಿತು.

‘ಹಾಗಾದರೆ ಅಡ್ಡ ನಿಂತದ್ದು ಅಮ್ಮ ಅಲ್ಲ. ಅವನ ಹೆದರಿಕೆ. ನನ್ನ ಮರ್ಯಾದೆಗಿಂತ ಅದೇ ದೊಡ್ಡದಾಯಿತಾ ಅವನಿಗೆ...’

ಅವನ ಮೆಸೇಜುಗಳಿಗೆ ಅವಳು ಉತ್ತರಿಸಲಿಲ್ಲ. ಕೆಲವು ದಿನಗಳಲ್ಲಿ ಅವೂ ನಿಂತವು.

ದಸರಾ ಕಳೆಯಿತು. ಮೇಪಲ್ ಎಲೆಗಳು ಕೆಂಪಾಗಿ ಉದುರತೊಡಗಿದವು.

ಒಂದು ಶನಿವಾರ ಮಧ್ಯಾಹ್ನ ಹಂಸಿನಿ ಬೇಲಿಯ ಮಗ್ಗುಲಲ್ಲಿ ಕೂತು ಎಲೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಕಾರು ಸರ್ವಿಸಿಗೆ ಹೋಗಿತ್ತು. ಅಂದು ಅವಳಿನ್ನೂ ಗ್ರಿಲ್ ಹಚ್ಚಿರಲಿಲ್ಲ.

ಆದರೂ ಮೂಗಿಗೆ ಬಂತು... ಬ್ಯಾಡಗಿ, ಬೆಳ್ಳುಳ್ಳಿ, ತೆಂಗಿನೆಣ್ಣೆ. ಮೀನು.

ಬೇಲಿಯ ಆಚೆಯಿಂದ.

ಹಲಗೆಗಳ ಸಂದಿಯಲ್ಲಿ ನೋಡಿದಳು. ಪದ್ಮಜಾರ ಹಿತ್ತಲಿನಲ್ಲಿ ಹೊಸದೊಂದು ಗ್ರಿಲ್. ಅದರ ಮುಂದೆ ಏಪ್ರನ್ ಕಟ್ಟಿಕೊಂಡ ಕಶ್ಯಪ್. ಅತ್ತ ದೂರದಲ್ಲಿ, ಗಾಳಿ ಬರುವ ಕಡೆ ಕುರ್ಚಿಗಳನ್ನು ಹಾಕಿಕೊಂಡು ತಿಂಗಳಿಗೊಮ್ಮೆ ಸೇರಿ ಪುಸ್ತಕ ಓದುವ ಪದ್ಮಜಾರ ಬಳಗ ಕೂತಿತ್ತು. ಪದ್ಮಜಾರ ಮುಂದೆ ಪುಳಿಯೋಗರೆಯ ಡಬರಿ. ಪಕ್ಕದಲ್ಲಿ ಅನಸೂಯ ಆಂಟಿ.

“ಪದ್ಮಜಾ, ನಿಮ್ಮನೆ ಹಿತ್ತಲಲ್ಲೇ ಇದೆಲ್ಲ?” ಅನಸೂಯ ಆಂಟಿಯ ಗಂಟಲು. “ನೀವು ಒಪ್ಪಿದ್ರಾ?”

“ಅವನು ಕೇಳಿದ,” ಎಂದರು ಪದ್ಮಜಾ. “ಮೂವತ್ನಾಲ್ಕು ವರ್ಷದಲ್ಲಿ ಮೊದಲನೇ ಸಲ ಬಾಯ್ಬಿಟ್ಟು ಕೇಳಿದ. ಇಲ್ಲ ಅನ್ನೋಕೆ ಮನಸ್ಸು ಬರ್ಲಿಲ್ಲ.”

ಕಶ್ಯಪ್ ಇಕ್ಕಳ ಕೆಳಗಿಟ್ಟು ಅವರ ಮುಂದೆ ಬಂದು ನಿಂತ.

“ಅನಸೂಯ ಆಂಟಿ, ನೀವೆಲ್ಲ ಇವತ್ತು ಬರ್ತೀರ ಅಂತ ಗೊತ್ತಿದ್ದೇ ಮಾಡ್ತಿದೀನಿ. ಹಬ್ಬದ ದಿನ ನಿಮ್ಮ ಮುಂದೆ ನಾನು ಎರಡು ಸುಳ್ಳು ಹೇಳ್ದೆ. ಮೀನು ಮಾಡ್ತಿದ್ದಿದ್ದು ಹಂಸಿನಿ. ಪಕ್ಕದಲ್ಲಿ ಕೂತು ತಿಂತಿದ್ದಿದ್ದು ನಾನು.” ಅವನ ಧ್ವನಿ ಗಟ್ಟಿಯಾಗಿರಲಿಲ್ಲ, ಆದರೆ ನಿಲ್ಲಲಿಲ್ಲ. “ಆ ಹುಡುಗೀನ ನಾನು ಪ್ರೀತಿಸ್ತೀನಿ. ಅವಳು ಯಾರು ಅಂತ ಹೇಳೋಕೆ ನನಗೆ ಧೈರ್ಯ ಸಾಲ್ಲಿಲ್ಲ. ನಾಚಿಕೆ ಪಡಬೇಕಾಗಿದ್ದು ಅವಳ ಮೀನಿಗಲ್ಲ, ನನಗೆ. ಈ ಮಾತನ್ನ ಅವತ್ತೇ ಹೇಳಬೇಕಿತ್ತು.”

ಅನಸೂಯ ಆಂಟಿ ಪುಳಿಯೋಗರೆಯ ತಟ್ಟೆ ಪಕ್ಕಕ್ಕಿಟ್ಟರು. “ಅದನ್ನ ನಮಗ್ಯಾಕೆ ಹೇಳ್ತೀಯೋ? ಹೋಗಿ ಅವಳಿಗೆ ಹೇಳು,” ಎಂದರು.

“ಅವಳು ಕೆಲಸಕ್ಕೆ ಹೋಗಿದಾಳೆ. ಕಾರಿಲ್ಲ. ಮತ್ತೆ... ಅವಳಿಗೆ ಹೇಳೋ ಹಕ್ಕು ನನಗೀಗ ಇಲ್ಲ.”

ಬೇಲಿಯ ಈಚೆ ಹಂಸಿನಿಯ ಕೈಯಿಂದ ಎಲೆಗಳ ಚೀಲ ಜಾರಿತು.

ಎದ್ದಳು. ಗೇಟು ನೂಕಿದಳು. ಮೊಣಕಾಲಿಗೆ ಮಣ್ಣು, ತಲೆಗೂದಲಲ್ಲಿ ಒಣಗಿದ ಎಲೆ. ಅವಳನ್ನು ಕಂಡು ಕಶ್ಯಪ್ ಬಣ್ಣಗೆಟ್ಟು ನಿಂತ.

“ನೀನು... ಮನೇಲೇ ಇದ್ಯಾ?”

“ನಾನು ಇಲ್ಲ ಅಂತ ತಿಳ್ಕೊಂಡು ಯಾರಿಗೆ ತೋರಿಸ್ಲಿಕ್ಕೆ ಇದೆಲ್ಲ?”

“ಯಾರಿಗೂ ಅಲ್ಲ. ಸುಳ್ಳು ನಾನು ಹೇಳಿದ್ದು. ನೀನು ನನ್ನ ಮುಖ ನೋಡದೇ ಇದ್ರೂ ಅದನ್ನ ನಾನೇ ತಿದ್ದಬೇಕಿತ್ತು.”

ಹಂಸಿನಿ ಅವನ ಮುಖವನ್ನೇ ನೋಡಿದಳು. ಹೊಗೆಗೆ ಕಣ್ಣು ಕೆಂಪು. ಗಲ್ಲದ ಮೇಲೆ ಮಸಾಲೆಯ ಗೆರೆ. ಗ್ರಿಲ್ಲಿನ ಮೇಲೆ ಮೀನು ಒಂದು ಬದಿ ಕರಕಲು, ಇನ್ನೊಂದು ಬದಿ ಹಸಿ.

“ಒಂದು ಮಾತು,” ಎಂದಳು. “ನನಗೋಸ್ಕರ ನೀನು ಮೀನು ತಿನ್ಬೇಕು ಅಂತ ಇಲ್ಲ. ನಾಳೆ ಬಿಟ್ರೂ ನನಗೆ ಬೇಜಾರಿಲ್ಲ. ಆಂಟಿ ಯಾವತ್ತೂ ತಿನ್ನುದು ಬೇಡ, ಅವರ ಅಡುಗೆಮನೆಗೆ ನಾನು ತರುದೂ ಇಲ್ಲ. ಆದ್ರೆ ನಾನು ಬಿಡುದಿಲ್ಲ. ಅಡಗಿಸುದೂ ಇಲ್ಲ. ಯಾರಾದ್ರೂ ಕೇಳಿದ್ರೆ, ಯಾರೇ ಆಗ್ಲಿ, ನೀನು ಇದ್ದದ್ದು ಇದ್ದ ಹಾಗೆ ಹೇಳ್ಬೇಕು.”

“ಹೇಳ್ತೀನಿ.”

“ನನ್ನ ಅಪ್ಪ ಕೇಳಿದ್ರೆ?”

ಅವನು ಗಾಬರಿಯಿಂದ ಏಪ್ರನ್ನಿಗೆ ಕೈ ಒರೆಸಿಕೊಂಡ. “ಅಪ್ಪ... ನಿಮ್ಮಪ್ಪನ ಹತ್ರ ಮಾತಾಡಬೇಕಾ?”

“ಮತ್ತೆ? ಮದುವೆ ಅಂದ್ರೆ ಅಪ್ಪನಿಗೆ ಹೇಳುದು ಬೇಡ್ವಾ?”

ಆ ಮಾತು ಅವನ ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಹೋದಾಗ ಅವನ ಕಣ್ಣು ತುಂಬಿತು. ಈ ಸಲ ಅದು ಹೊಗೆಯಿಂದಲ್ಲ. ಅತ್ತ ಕುರ್ಚಿಯಲ್ಲಿ ಪದ್ಮಜಾ, ಯಾರಿಗೂ ಕಾಣಬಾರದೆಂದು ಪುಳಿಯೋಗರೆಗೆ ಸೌಟು ಹಾಕಿ ಸುಮ್ಮನೆ ಕಲಸುತ್ತಿದ್ದರು.

“ಊರಲ್ಲಿ ಈಗ ರಾತ್ರಿ,” ಎಂದಳು ಹಂಸಿನಿ. “ನಾಳೆ ಬೆಳಿಗ್ಗೆ ಫೋನ್ ಮಾಡುವ.”

“ಏನಂತ ಹೇಳ್ಲಿ ಅವರಿಗೆ?”

“ಸತ್ಯ.”

“ಯಾವ ಸತ್ಯ?”

ಹಂಸಿನಿ ಅವನ ಗಲ್ಲದ ಮಸಾಲೆಯನ್ನು ಹೆಬ್ಬೆರಳಿನಿಂದ ಒರೆಸಿದಳು.

“ಮೀನು ಸುಡ್ಲಿಕ್ಕೆ ನನಗೆ ಬರುದಿಲ್ಲ, ಆದ್ರೆ ನಿಮ್ಮ ಮಗಳು ನನಗೆ ಬೇಕು ಅಂತ.”

“ಬೈದ್ರೆ?”

“ಮೊದಲನೆಯದಕ್ಕೆ ಬೈತಾರೆ,” ಎಂದು ಅವಳು ನಕ್ಕಳು. “ಎರಡನೆಯದಕ್ಕೆ ನಾನಿದ್ದೇನೆ.”